ಟೋಪಿ ಬಂತು, ಕರ್ತೃಪದ ಬರಲಿಲ್ಲ

ಸಂಜೆ ಏಳರ ಹೊತ್ತಿಗೆ ಹೆಗ್ಗನಹಳ್ಳಿ ಕ್ರಾಸ್ ಹೇಗಿರುತ್ತದೆ ಎಂದು ನೋಡಿದವರಿಗೆ ಹೇಳಬೇಕಾಗಿಲ್ಲ, ನೋಡದವರಿಗೆ ಹೇಳಿದರೂ ನಂಬುವುದಿಲ್ಲ. ಗಾರ್ಮೆಂಟ್ಸ್ ಬಿಟ್ಟ ಹೆಣ್ಣುಮಕ್ಕಳು ಟಿಫಿನ್ ಬ್ಯಾಗ್ ಹಿಡಿದು ಸಾಲಾಗಿ ಬರುತ್ತಿರುತ್ತಾರೆ. ಪೀಣ್ಯದ ಕಡೆಯಿಂದ ಕಬ್ಬಿಣದ ರಾಡು ಹೇರಿಕೊಂಡ ಟೆಂಪೋ, ಸುಂಕದಕಟ್ಟೆ ಕಡೆಯಿಂದ ಬಂದು ತಿರುಗಲಾಗದೆ ಅಡ್ಡ ನಿಂತ ಬಿಎಂಟಿಸಿ ಬಸ್ಸು, ಎರಡರ ನಡುವೆ ಒಂದು ಪಾನಿಪುರಿ ಗಾಡಿ. ಏನೂ ಅಲ್ಲಾಡುವುದಿಲ್ಲ. ಅವತ್ತು ಆ ಇಡೀ ರಸ್ತೆಯಲ್ಲಿ ಮುಂದಕ್ಕೆ ಹೋದ ವಾಹನ ಒಂದೇ ಒಂದು. ನನ್ನ ಕೈಯಲ್ಲಿದ್ದ ಮೊಬೈಲ್ ಕಿತ್ತುಕೊಂಡ ಇಬ್ಬರು ಹುಡುಗರ ಬೈಕು.

ಜನ ಸೇರಿದರು. ಮೂಲೆ ಬೇಕರಿಯವನು ಕೇಳಿದ, "ಸ್ಟೇಷನ್ನಲ್ಲಿ ಯಾರಾದ್ರೂ ಗೊತ್ತಾ ಸಾರ್?" ಲೇತ್ ಶಾಪಿನ ಓನರ್ ಕೈ ಒರೆಸಿಕೊಳ್ಳುತ್ತಾ ಬಂದು ಕೇಳಿದರು, "ಸ್ಟೇಷನ್ನಲ್ಲಿ ಯಾರಾದ್ರೂ ಇದಾರಾ ನಿಮ್ ಕಡೆಯವರು?" ಮನೆಗೆ ಬಂದರೆ ಎದುರು ಮನೆ ಆಂಟಿ ಗೇಟಿನಿಂದಲೇ, "ಅಯ್ಯೋ, ಹಂಗೇ ಹೋಗ್ಬೇಡಿ, ಯಾರನ್ನಾದ್ರೂ ಹಿಡ್ಕೊಂಡು ಹೋಗಿ" ಎಂದರು. ಕೈಗೆ ಪೆಟ್ಟಾಯಿತೇ ಎಂದು ಒಬ್ಬರೂ ಕೇಳಲಿಲ್ಲ. ಪೊಲೀಸರ ಮೇಲೆ ಜನಕ್ಕೆ ಎಷ್ಟು ನಂಬಿಕೆ ಇದೆ ಎಂದು ಸರ್ವೆ ಮಾಡುವವರು ಇಷ್ಟುದ್ದದ ಪ್ರಶ್ನಾವಳಿ ಹಿಡಿದು ಅಲೆಯುವುದು ದಂಡ. ಬೇಕರಿ ಮುಂದೆ ಹತ್ತು ನಿಮಿಷ ನಿಂತರೆ ಸಾಕು.

ನನಗೆ ಸ್ಟೇಷನ್ನಿನಲ್ಲಿ ಯಾರೂ ಗೊತ್ತಿರಲಿಲ್ಲ. ಕಾನೂನು ಸ್ವಲ್ಪ ಗೊತ್ತಿತ್ತು. ಆ ಧೈರ್ಯದ ಮೇಲೆ ಹೋದೆ.

ಯಾವ ಠಾಣೆ ಎಂದು ಕೇಳಬೇಡಿ. ಒಂದರ ಹೆಸರು ಬರೆದರೆ ಉಳಿದವೆಲ್ಲ "ನಾವಲ್ಲ, ಅವರು" ಎಂದು ಬೀಗುತ್ತವೆ. ಒಳಗೆ ಮೇಜಿನ ಹಿಂದೆ ರೈಟರ್ ಕೂತಿದ್ದರು. ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಬದಲಾಗುತ್ತಾರೆ, ಗೃಹ ಮಂತ್ರಿ ಬದಲಾಗುತ್ತಾರೆ, ಸರ್ಕಾರ ಬದಲಾಗುತ್ತದೆ, ರೈಟರ್ ಇದ್ದೇ ಇರುತ್ತಾರೆ.

"ಎಲ್ಲಿ ನಿಂತಿದ್ರಿ?"

"ಕ್ರಾಸಲ್ಲಿ."

"ಕ್ರಾಸಲ್ಲಿ ಎಲ್ಲಿ? ಬಸ್‌ಸ್ಟಾಪ್ ಕಡೇನಾ, ಮೆಡಿಕಲ್ ಕಡೇನಾ?"

"ಮೆಡಿಕಲ್ ಕಡೆ."

"ಹಂಗಾದ್ರೆ ಅದು ನಮ್ ಲಿಮಿಟ್ಸ್‌ಗೆ ಬರಲ್ವಲ್ಲ."

"ಬೈಕು ಬಸ್‌ಸ್ಟಾಪ್ ಕಡೆಗೇ ಹೋಯ್ತು ಸಾರ್."

"ಹೋಗಿದ್ದು ಬಿಡಿ. ಕಿತ್ಕೊಳ್ಳೋವಾಗ ನೀವೆಲ್ಲಿದ್ರಿ?"

ಕಳ್ಳರಿಗೆ ಲಿಮಿಟ್ಸ್ ಇಲ್ಲ, ಕಳಕೊಂಡವನಿಗೆ ಮಾತ್ರ ಇದೆ. ನಾನು ಮೆಲ್ಲಗೆ ಜೀರೋ ಎಫ್‌ಐಆರ್ ಎಂದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು. ಅದಕ್ಕೂ ಮೊದಲು, 2013ರಲ್ಲೇ, ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಹಾಕಲೇಬೇಕು ಎಂದು ಹೇಳಿಯಾಗಿತ್ತು. ಇದನ್ನೆಲ್ಲ ನಾನು ಹೇಳಿ ಮುಗಿಸುವ ತನಕ ರೈಟರ್ ಸಮಾಧಾನದಿಂದ ಕೇಳಿದರು. ಆಮೇಲೆ, "ಜೀರೋ ಅಂದ್ರೆ ಏನೂ ಇಲ್ಲ ಅಂತ ತಾನೇ ಸಾರ್? ಅದನ್ನ ತಗೊಂಡು ಏನ್ಮಾಡ್ತೀರಿ?" ಎಂದರು. ತಮಾಷೆ ಮಾಡಿದರೋ ತಿಳಿಯದೆ ಹೇಳಿದರೋ ಇವತ್ತಿಗೂ ಗೊತ್ತಾಗಿಲ್ಲ.

"ಬಿಳಿ ಹಾಳೆ ತಂದಿದೀರಾ?"

ತಂದಿರಲಿಲ್ಲ. ಮೊಬೈಲ್ ಕಿತ್ತುಕೊಳ್ಳುವವರು ಬರುತ್ತಾರೆ ಎಂದು ಮೊದಲೇ ಗೊತ್ತಿದ್ದರೆ ತರುತ್ತಿದ್ದೆ. ಎದುರುಗಡೆ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ನನ್ನ ಮುಖ ನೋಡಿದ್ದೇ, "ಕಂಪ್ಲೇಂಟಾ ಸಾರ್? ಕಳ್ದೋಗಿದ್ದಾ, ಹೊಡ್ದಿದ್ದಾ, ಗಂಡ ಹೆಂಡ್ತೀದಾ?" ಎಂದ. ಮೂರಕ್ಕೂ ಅವನ ಕಂಪ್ಯೂಟರಿನಲ್ಲಿ ಮಾದರಿ ಸಿದ್ಧವಿತ್ತು. ಹೆಸರು, ವಿಳಾಸ ತುಂಬಿದರೆ ಸಾಕು. "ಕಿತ್ತುಕೊಂಡಿದ್ದು" ಎಂದೆ. ಅವನು ತಲೆ ಕೆರೆದುಕೊಂಡ. "ಆ ಫಾರ್ಮ್ಯಾಟ್ ಇಲ್ಲ ಸಾರ್. ಅದನ್ನ ಅವರು ತಗೊಳ್ಳಲ್ಲ" ಎಂದ.

ಅವನು ಹೇಳಿದ್ದೇ ಸರಿ. ಕೈಬರಹದಲ್ಲಿ ನಾನು "ಇಬ್ಬರು ಅಪರಿಚಿತರು ಬೈಕಿನಲ್ಲಿ ಬಂದು ನನ್ನ ಮೊಬೈಲನ್ನು ಕಿತ್ತುಕೊಂಡು ಪರಾರಿಯಾದರು" ಎಂದು ಬರೆದುಕೊಂಡು ಹೋದೆ. ರೈಟರ್ ಓದಿ, ಪೆನ್ನಿನ ತುದಿಯನ್ನು "ಕಿತ್ತುಕೊಂಡು" ಎಂಬ ಪದದ ಮೇಲೆ ಇಟ್ಟರು.

"ಕಳೆದುಹೋಗಿದೆ ಅಂತ ಬರೀರಿ."

"ಕಳೆದುಹೋಗಿಲ್ಲ ಸಾರ್, ಕಿತ್ಕೊಂಡ್ರು."

"ಈಗ ನಿಮ್ಮತ್ರ ಇದೆಯಾ?"

"ಇಲ್ಲ."

"ಮತ್ತೆ? ಕಳೆದುಹೋಗಿದೆ ತಾನೇ?"

ತರ್ಕದಲ್ಲಿ ಇಷ್ಟು ದೊಡ್ಡ ಸೋಲನ್ನು ನಾನು ಮದುವೆಯಾದ ಮೇಲೆ ಕೂಡ ಕಂಡಿರಲಿಲ್ಲ.

ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಕರ್ತೃ, ಕರ್ಮ, ಕ್ರಿಯಾಪದ ಎಂದು ಕಿವಿ ಹಿಂಡಿ ಕಲಿಸಿದ್ದು ಯಾಕೆಂದು ಆ ಬೆಂಚಿನ ಮೇಲೆ ಕೂತಾಗ ತಿಳಿಯಿತು. "ಕಳ್ಳರು ಮೊಬೈಲನ್ನು ಕಿತ್ತುಕೊಂಡರು" ಎಂದರೆ ಕಳ್ಳರು ಕರ್ತೃ. ಕರ್ತೃ ಇದ್ದ ಮೇಲೆ ಅವನನ್ನು ಹುಡುಕಬೇಕು, ಅದು ಪೊಲೀಸರ ಕೆಲಸ. "ಮೊಬೈಲ್ ಕಳೆದುಹೋಯಿತು" ಎಂದರೆ ಮೊಬೈಲೇ ಕರ್ತೃ. ಪರೀಕ್ಷೆಯಲ್ಲಿ ಫೇಲಾಗಿ ಮನೆ ಬಿಟ್ಟು ಹೋದ ಹುಡುಗನ ಹಾಗೆ ಅದೇ ಎದ್ದು ಎಲ್ಲಿಗೋ ಹೊರಟುಹೋಗಿದೆ. ಹುಡುಕುವುದು ನನ್ನ ಕೆಲಸ. ಎರಡನೆಯ ವಾಕ್ಯದಲ್ಲಿ ಕರ್ಮ ಎಲ್ಲಿ ಎಂದು ಕೇಳಿದರೆ, ಅದು ನನ್ನದು.

ತಮಾಷೆಯೆಂದರೆ, ಈ ಕಿತ್ತುಕೊಳ್ಳುವುದಕ್ಕೇ ಅಂತ ಪಾರ್ಲಿಮೆಂಟು ಹೊಸದಾಗಿ ಒಂದು ಸೆಕ್ಷನ್ ಮಾಡಿಕೊಟ್ಟಿದೆ. ಹಳೆಯ ಐಪಿಸಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿರಲಿಲ್ಲ. ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್ ಹಠಾತ್ತಾಗಿ ಕಿತ್ತುಕೊಂಡು ಓಡುವುದನ್ನು ಬೇರೆಯದೇ ಅಪರಾಧ ಎಂದು ಗುರುತಿಸಿ ಮೂರು ವರ್ಷದವರೆಗೆ ಜೈಲು ಎನ್ನುತ್ತದೆ. ದಿಲ್ಲಿಯಲ್ಲಿ ಸೆಕ್ಷನ್ ಹುಟ್ಟಿತು, ಹೆಗ್ಗನಹಳ್ಳಿ ತಲುಪುವಷ್ಟರಲ್ಲಿ ಅದನ್ನೂ ಯಾರೋ ಕಿತ್ತುಕೊಂಡರು. ಕಳೆದುಹೋಯಿತು ಎಂದೇ ಇಟ್ಟುಕೊಳ್ಳೋಣ.

ರೈಟರ್ ಕೆಟ್ಟವರಲ್ಲ. ಎಫ್‌ಐಆರ್ ಆದರೆ ನಂಬರು ಬೀಳುತ್ತದೆ. ನಂಬರು ಬಿದ್ದರೆ ತಿಂಗಳ ಕ್ರೈಂ ಮೀಟಿಂಗಿನಲ್ಲಿ ಸಾಹೇಬರನ್ನು ಮೇಲಿನ ಸಾಹೇಬರು ನಿಲ್ಲಿಸಿ ಕೇಳುತ್ತಾರೆ, "ಏನ್ರೀ, ನಿಮ್ ಲಿಮಿಟ್ಸಲ್ಲಿ ಸ್ನ್ಯಾಚಿಂಗ್ ಜಾಸ್ತಿಯಾಗಿದೆಯಲ್ಲ?" ಲಾಸ್ಟ್ ರಿಪೋರ್ಟ್ ಆದರೆ ಯಾರೂ ಕೇಳುವುದಿಲ್ಲ. ಜನ ಮರೆಗುಳಿಗಳಾದರೆ ಪೊಲೀಸರೇನು ಮಾಡಲಾದೀತು? ಅಪರಾಧ ಕಡಿಮೆ ಮಾಡಲು ಇರುವ ದಾರಿ ಎರಡು. ಕಳ್ಳರನ್ನು ಹಿಡಿಯುವುದು ಒಂದು, ಕಂಪ್ಲೇಂಟು ಬರೆಸದಿರುವುದು ಇನ್ನೊಂದು. ಎರಡನೆಯದಕ್ಕೆ ಪೆಟ್ರೋಲ್ ಖರ್ಚಿಲ್ಲ.

ಈ ವ್ಯಾಕರಣ ಠಾಣೆಯ ಮೇಜಿನಲ್ಲೇ ಮುಗಿಯುವುದಿಲ್ಲ. ಇಲಾಖೆಯ ಪತ್ರಿಕಾ ಪ್ರಕಟಣೆಗಳನ್ನು ಓದಿ ನೋಡಿ. "ಲಘು ಲಾಠಿ ಪ್ರಹಾರ ನಡೆಯಿತು." ಯಾರು ನಡೆಸಿದರು? ತಾನಾಗಿ ನಡೆಯಿತು. ಆ ಲಘು ಕೂಡ ಲಘು ಉಪಾಹಾರದ ಲಘುವೇ. ಕೊಡುವವರಿಗೆ ಲಘು, ತಿಂದವನು ಮೂರು ದಿನ ಮಗ್ಗುಲು ಬದಲಿಸಲಾರ. "ವಿಚಾರಣೆ ವೇಳೆ ಅಸ್ವಸ್ಥಗೊಂಡರು." ಯಾರೂ ಏನೂ ಮಾಡಲಿಲ್ಲ, ಠಾಣೆಯ ಗಾಳಿಯೇ ಒಗ್ಗಲಿಲ್ಲ. 2025ರ ಮೇ 26ರಂದು ಮಂಡ್ಯದಲ್ಲಿ ನಾಯಿ ಕಚ್ಚಿದ ಮಗುವನ್ನು ತಂದೆ ತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ನಿಂತ ಸಂಚಾರ ಪೊಲೀಸರು ಅಡ್ಡಗಟ್ಟಿದರು. ಬೈಕು ಬಿತ್ತು, ಮೂರು ವರ್ಷದ ಮಗುವಿನ ಮೇಲೆ ವಾಹನ ಹರಿಯಿತು. ಮೂವರು ಎಎಸ್‌ಐಗಳು ಅಮಾನತಾದರು. ಮರುದಿನವೂ "ಆಯತಪ್ಪಿ" ಎಂಬ ಪದ ಅಲ್ಲಲ್ಲಿ ಅಚ್ಚಾಗಿತ್ತು.

ಕರ್ತೃಪದ ಬೇಕೇ ಬೇಕು ಎಂದಾದರೆ ಸರ್ಕಾರಕ್ಕೆ ಒಂದೇ ದಿನದಲ್ಲಿ ಸಿಗುತ್ತದೆ, ಅದನ್ನೂ ಹೇಳಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕ್ರಿಕೆಟ್ ಕಪ್ ಗೆದ್ದ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಜನ ಸತ್ತರು. ಮರುದಿನವೇ ನಗರ ಪೊಲೀಸ್ ಕಮಿಷನರ್ ಬಿ. ದಯಾನಂದ ಅಮಾನತಾದರು. ವೇದಿಕೆ ಮೇಲೆ ಕಪ್ಪಿಗೆ ಮುತ್ತಿಟ್ಟವರು ವಾಕ್ಯದಿಂದ ಹೊರಗೆ ಹೋದರು. ಮುಂದಿನ ತಿಂಗಳು ಅಮಾನತು ವಾಪಸಾಯಿತು. ನಮ್ಮ ಮೇಷ್ಟ್ರು ಕನ್ನಡ ಸಂಧಿಗಳು ಮೂರು ಎಂದು ಹೇಳಿದ್ದರು. ಇಲಾಖೆಯಲ್ಲೂ ಮೂರೇ. ಮೊದಲು ಕರ್ತವ್ಯಲೋಪ, ಆಮೇಲೆ ಅಮಾನತಿನ ಆದೇಶ, ಕೊನೆಗೆ ಕುರ್ಚಿಗೆ ಆಗಮ.

ಇನ್ನು ಟೋಪಿಯ ವಿಚಾರ.

2025ರ ಅಕ್ಟೋಬರ್ 28ರಂದು ವಿಧಾನಸೌಧದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಮ್ಮ ಕಾನ್‌ಸ್ಟೇಬಲ್‌ಗಳಿಗೆ ಹೊಸ ಟೋಪಿ ಕೊಟ್ಟರು. ಕೊಟ್ಟರು ಎಂದೇ ಬರೆಯುತ್ತಿದ್ದೇನೆ. ಹಾಕಿದರು ಎಂದು ಬರೆದರೆ ಕನ್ನಡದಲ್ಲಿ ಬೇರೆ ಅರ್ಥ ಬರುತ್ತದೆ. ಒಂದು ಕಡೆ ಅಂಚು ಮಡಿಚಿದ, ಬ್ರಿಟಿಷರ ಕಾಲದ ನೆನಪಿನ ಆ ಅಗಲ ಟೋಪಿ ಹೋಗಿ ತೆಲಂಗಾಣದ ಮಾದರಿಯ ಕಡುನೀಲಿ ಪೀಕ್ ಕ್ಯಾಪ್ ಬಂತು. ಹಳೆಯದು ಗಾಳಿಗೆ ಹಾರುತ್ತಿತ್ತು, ಓಡುವಾಗ ಬೀಳುತ್ತಿತ್ತು, ಗುಂಪಿನ ಮೇಲೆ ಲಾಠಿ ಬೀಸುವಾಗ ಒಂದು ಕೈ ಟೋಪಿಗೇ ಮೀಸಲಾಗಬೇಕಿತ್ತು. ಈಗ ಎರಡೂ ಕೈ ಖಾಲಿ. ನಮಗೆ ಮಾತ್ರ ಒಂದು ಅನನುಕೂಲವಾಗಿದೆ. ಮೊದಲು ದೂರದಿಂದ ಟೋಪಿ ನೋಡಿಯೇ ಬರುತ್ತಿರುವುದು ಪೀಸೀನೋ ಎಸ್ಸೈಯೋ ತಿಳಿದು, ಜೇಬಿನಲ್ಲಿ ಐವತ್ತರ ನೋಟು ಹುಡುಕಬೇಕೋ ಐನೂರರದೋ ಎಂದು ತೀರ್ಮಾನಿಸಬಹುದಿತ್ತು. ಈಗ ಎಲ್ಲರದೂ ಪೀಕ್ ಕ್ಯಾಪ್. ಹತ್ತಿರ ಬಂದ ಮೇಲೆ ಭುಜ ನೋಡಬೇಕು.

ಟೋಪಿಗೆ ಇನ್ನೂ ಬೆವರಿನ ಕಲೆ ಹಿಡಿದಿರಲಿಲ್ಲ, 22 ದಿನ ಕಳೆದಿತ್ತು ಅಷ್ಟೇ. ನವೆಂಬರ್ 19ರಂದು ಹಾಡಹಗಲಲ್ಲಿ ರಿಸರ್ವ್ ಬ್ಯಾಂಕಿನವರು ಎಂದು ಹೇಳಿಕೊಂಡು ಬಂದವರು ಎಟಿಎಂ ಹಣದ ವ್ಯಾನಿನಿಂದ 7.11 ಕೋಟಿ ರೂಪಾಯಿ ದೋಚಿದರು. ಬೆಂಗಳೂರು ಪೊಲೀಸರು ಬೆನ್ನು ಹತ್ತಿ ಕೆಲವೇ ದಿನಗಳಲ್ಲಿ ಹೆಚ್ಚಿನ ಹಣವನ್ನೂ ಆರೋಪಿಗಳನ್ನೂ ಹಿಡಿದರು. ಭಲೇ ಎನ್ನಬೇಕಾದ ಕೆಲಸ. ಸಿಕ್ಕಿಬಿದ್ದವರಲ್ಲಿ ಒಬ್ಬ ಕಾನ್‌ಸ್ಟೇಬಲ್ ಎಂದು ಗೊತ್ತಾದ ಮೇಲೆ ಅರ್ಧ ಭಲೇ ಎಂದು ಸುಮ್ಮನಾದೆವು.

ನಮ್ಮ ಬೇಕರಿಗೆ ಸಂಜೆ ಒಬ್ಬ ಕಾನ್‌ಸ್ಟೇಬಲ್ ಬರುತ್ತಾರೆ. ಹೊಸ ಟೋಪಿ ತೆಗೆದು, ಜೇನುಕೇಕಿನ ಗಾಜಿನ ಮೇಲೆ ಮಗುಚಿ ಇಟ್ಟು, ಬೈಟು ಟೀ ಹೇಳುತ್ತಾರೆ. ಟೋಪಿಯ ಒಳಗಿನ ಪಟ್ಟಿಗೆ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಸಿಕ್ಕಿಸಿರುತ್ತಾರೆ. "ಹೇಗಿದೆ ಸಾರ್ ಹೊಸಾದು?" ಎಂದು ಕೇಳಿದೆ. "ಹಗುರ ಇದೆ. ಆದ್ರೆ ಹಳೇದು ಬೀಸಣಿಗೆ ಆಗ್ತಿತ್ತು. ಮಳೆ ಬಂದ್ರೆ ಕತ್ತಿನ ಹಿಂದೆ ನೀರು ಇಳೀತಿರ್ಲಿಲ್ಲ" ಎಂದರು. ಬೆಳಿಗ್ಗೆ ಆರಕ್ಕೆ ಯಾರದೋ ಬಂದೋಬಸ್ತಿಗೆ ಹೋದವರು, ಅಲ್ಲಿಂದ ಕೋರ್ಟಿಗೆ, ಕೋರ್ಟಿನಿಂದ ಇಲ್ಲಿಗೆ. ಮಗಳ ಶಾಲೆಯ ಮೀಟಿಂಗಿಗೆ ಹೋಗದೆ ಎರಡು ವರ್ಷವಾಯಿತಂತೆ. "ರಜಾ ಕೇಳಕ್ಕೋದ್ರೆ ನಾವೇ ಅಪರಾಧಿಗಳ ಥರ ನಿಂತ್ಕೋಬೇಕು" ಎಂದರು. ಆಗ ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು. ಟೀ ಮುಗಿಸಿ ಹತ್ತು ರೂಪಾಯಿ ತೆಗೆದರು. ಬೇಕರಿಯವನು "ಅಯ್ಯೋ, ಇರ್ಲಿ ಬಿಡಿ ಸಾರ್" ಎಂದ. ಅವರು ನೋಟನ್ನು ಒಂದು ಕ್ಷಣ ಗಾಳಿಯಲ್ಲಿ ಹಿಡಿದು, ಮತ್ತೆ ಜೇಬಿಗೆ ಇಟ್ಟುಕೊಂಡರು. ದಿನಾ ಹೀಗೇ. ನೋಟೂ ಅದೇ ಇರಬೇಕು.

ಅವರು ಹೋದ ಮೇಲೆ ಬೇಕರಿಯವನು ಲೆಕ್ಕ ಒಪ್ಪಿಸಿದ. "ದುಡ್ಡು ಇಸ್ಕೊಂಡ್ರೆ ರಾತ್ರಿ ಹನ್ನೊಂದಕ್ಕೆ ಶಟರ್ ಎಳಿಸ್ತಾರೆ ಸಾರ್. ಇಸ್ಕೊಳ್ಳದಿದ್ರೆ ಹನ್ನೊಂದೂವರೆ. ಆ ಅರ್ಧ ಗಂಟೇಲಿ ನೈಟ್ ಶಿಫ್ಟ್‌ನವರು ಬರ್ತಾರೆ, ಎಂಟುನೂರು ಸಾವಿರ ವ್ಯಾಪಾರ." ಇದಕ್ಕೆ ಮಾಮೂಲು ಎಂದು ಹೆಸರು. ಎಂಥ ಒಳ್ಳೆಯ ಪದ ನೋಡಿ. ಲಂಚ ಎಂದರೆ ತಪ್ಪು ಅನ್ನಿಸುತ್ತದೆ, ಮಾಮೂಲು ಎಂದರೆ ದಿನಾ ಸೂರ್ಯ ಹುಟ್ಟಿದ ಹಾಗೆ. ಆ ಟೀಯಲ್ಲಿ ಯಾರು ಯಾರಿಗೆ ಟೋಪಿ ಹಾಕಿದರು ಎಂದು ನಾನು ಬಹಳ ಯೋಚಿಸಿದ್ದೇನೆ. ಇಬ್ಬರೂ ಸೇರಿ ಹನ್ನೊಂದು ಗಂಟೆಯ ಗಡುವಿಗೆ ಹಾಕಿದರು ಎನ್ನುವುದೇ ಸರಿ.

ಕಾಲಕ್ಕೆ ತಕ್ಕಂತೆ ಮಾಮೂಲು ಕೂಡ ಬದಲಾಗುತ್ತದೆ. 2022ರ ಡಿಸೆಂಬರಿನಲ್ಲಿ ಮಾನ್ಯತಾ ಟೆಕ್ ಪಾರ್ಕ್ ಹತ್ತಿರ ಮಧ್ಯರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ಗಂಡ ಹೆಂಡಿರನ್ನು ಸಂಪಿಗೆಹಳ್ಳಿ ಠಾಣೆಯ ಇಬ್ಬರು ಪೊಲೀಸರು ನಿಲ್ಲಿಸಿ, ರಾತ್ರಿ ಹನ್ನೊಂದರ ಮೇಲೆ ರಸ್ತೆಯಲ್ಲಿ ನಡೆಯುವ ಹಾಗಿಲ್ಲ ಎಂದರು. ಮೂರು ಸಾವಿರ ಕೇಳಿ, ಒಂದು ಸಾವಿರಕ್ಕೆ ಇಳಿದು, ಪೇಟಿಎಂ ಸ್ಕ್ಯಾನರ್ ತೋರಿಸಿದರು. ಸ್ವಂತ ಮನೆಗೆ ನಡೆದು ಹೋಗುವುದಕ್ಕೆ ದರ ನಿಗದಿಯಾದದ್ದು ಆವತ್ತೇ. ವಿಷಯ ಟ್ವಿಟ್ಟರಿಗೆ ಹೋಯಿತು, ಇಬ್ಬರನ್ನೂ ಮೊದಲು ಅಮಾನತು, ಆಮೇಲೆ ವಜಾ ಮಾಡಿದರು. ಮೆಚ್ಚಬೇಕು. ಆದರೆ ಪಾಠ ಕಲಿತವರು ಬೇರೆಯದೇ ಕಲಿತರು. ಸ್ಕ್ಯಾನರ್ ಅಪಾಯ, ಕ್ಯಾಶೇ ಕ್ಷೇಮ.

ತಳದವರನ್ನಷ್ಟೇ ಆಡಿಕೊಂಡರೆ ಪಾಪ ಬರುತ್ತದೆ. ಠಾಣೆಯೊಳಗೆ ಬರುವ ಬಾಗಿಲಲ್ಲೇ ಏನು ನಡೆಯಿತು ನೋಡಿ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ಆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದರು. ಕಲಬುರಗಿಯ ಒಂದು ಕೇಂದ್ರದಲ್ಲಿ ಬರೆದ ಅಭ್ಯರ್ಥಿಯೊಬ್ಬರು 21 ಪ್ರಶ್ನೆಗೆ ಉತ್ತರಿಸಿ 121 ಅಂಕ ಪಡೆದರು. ಗಣಿತಕ್ಕೇ ಲಾಠಿ ಏಟು. ಬ್ಲೂಟೂತ್ ಕಿವಿಯೊಳಗೆ ಇಟ್ಟುಕೊಂಡವರು, ಪರೀಕ್ಷೆ ಮುಗಿದ ಮೇಲೆ ಒಎಂಆರ್ ಹಾಳೆ ತುಂಬಿಸಿಕೊಂಡವರು ಒಬ್ಬೊಬ್ಬರಾಗಿ ಹೊರಬಿದ್ದರು. 2022ರ ಏಪ್ರಿಲ್ 29ರಂದು ಪಟ್ಟಿಯೇ ರದ್ದಾಯಿತು. ಜುಲೈ 4ರಂದು ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ಅಮೃತ್ ಪೌಲ್ ಅವರನ್ನೇ ಸಿಐಡಿ ಬಂಧಿಸಿತು. ಮರುಪರೀಕ್ಷೆ ಆದದ್ದು 2024ರ ಜನವರಿ 23ರಂದು. ಕಳ್ಳರನ್ನು ಹಿಡಿಯುವ ಕೆಲಸಕ್ಕೆ ಆಯ್ಕೆಯಾಗಲು ಕಳ್ಳತನದಲ್ಲಿ ಪ್ರಾಯೋಗಿಕ ಅನುಭವ ಇರಲಿ ಎಂಬ ದೂರದೃಷ್ಟಿ ಇದ್ದಿರಬೇಕು. ಹೊಟ್ಟೆ ಉರಿಯುವುದು ನಿಯತ್ತಾಗಿ ಓದಿ ಬರೆದವರನ್ನು ನೆನೆದಾಗ. ಅವರ ಎರಡು ವರ್ಷಗಳೂ "ಕಳೆದುಹೋದವು". ಅದಕ್ಕೆ ಪೊಲೀಸರ ಯಾವ ಆ್ಯಪಿನಲ್ಲೂ ಲಾಸ್ಟ್ ರಿಪೋರ್ಟ್ ಇಲ್ಲ.

ಸೇರಿದ ಮೇಲೆ ಪೋಸ್ಟಿಂಗು. ಒಳ್ಳೆಯ ಠಾಣೆ ಬೇಕೆಂದರೆ ಶಾಸಕರ ಮಿನಿಟ್ ಬೇಕು. ಈ ಮಿನಿಟ್ ಎಂಬುದು ಗಡಿಯಾರದ್ದಲ್ಲ, ಲೆಟರ್‌ಹೆಡ್ಡಿನದು. ಆಯಕಟ್ಟಿನ ಹುದ್ದೆಗಳಲ್ಲಿ ಇರುವವರಿಗೆ ಕನಿಷ್ಠ ಎರಡು ವರ್ಷದ ಅವಧಿ ಕೊಡಿ, ಪೊಲೀಸರ ಮೇಲಿನ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಮಾಡಿ ಎಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2006ರ ಸೆಪ್ಟೆಂಬರ್ 22ರಂದು. ನಮ್ಮ ರಾಜ್ಯ 2012ರಲ್ಲಿ ಕಾಯ್ದೆ ತಿದ್ದಿ ಪೊಲೀಸ್ ದೂರು ಪ್ರಾಧಿಕಾರವನ್ನು ಕಾಗದದ ಮೇಲೆ ತಂದಿತು. ನಮ್ಮ ಬೀದಿಯಲ್ಲಿ ಕೇಳಿ ನೋಡಿದೆ. ಶನಿಮಹಾತ್ಮನ ದೇವಸ್ಥಾನದಲ್ಲಿ ಯಾವ ವಾರ ಎಷ್ಟು ಎಳ್ಳೆಣ್ಣೆ ಎಂದು ಎಲ್ಲರಿಗೂ ಗೊತ್ತು, ಈ ಪ್ರಾಧಿಕಾರದ ಹೆಸರು ಒಬ್ಬರಿಗೂ ಗೊತ್ತಿಲ್ಲ.

ಮಿನಿಟಿನ ಸಾಲವನ್ನು ತೀರಿಸುವವರು ಕೊನೆಗೆ ಯಾರು? ಬೇಕರಿಯವನು, ಪಾನಿಪುರಿಯವನು, ರಾತ್ರಿ ಲೋಡು ಇಳಿಸುವ ಟೆಂಪೋದವನು. ಮೇಲಿನಿಂದ ಕೆಳಕ್ಕೆ ಆದೇಶ ಇಳಿಯುತ್ತದೆ, ಕೆಳಗಿನಿಂದ ಮೇಲಕ್ಕೆ ಮಾಮೂಲು ಏರುತ್ತದೆ. ನಡುವೆ ನಿಂತ ಕಾನ್‌ಸ್ಟೇಬಲ್ ಬಾಯಿ ತೆರೆದರೆ ಏನಾಗುತ್ತದೆ ಎಂಬುದಕ್ಕೂ ದಾಖಲೆಯಿದೆ. 2016ರಲ್ಲಿ ಸಂಬಳ, ವಾರದ ರಜೆ, ಮೇಲಧಿಕಾರಿಗಳ ಕಿರುಕುಳ ಎಂದು ಪೊಲೀಸರು ಜೂನ್ 4ಕ್ಕೆ ಸಾಮೂಹಿಕ ರಜೆ ಹಾಕುವುದಾಗಿ ಹೇಳಿದಾಗ, ಅದರ ಮುಂದಾಳಿನ ಮೇಲೆ ಹಾಕಿದ್ದು ರಾಜದ್ರೋಹದ ಕೇಸು. ರಜಾ ಅರ್ಜಿಗೆ ರಾಜದ್ರೋಹ! ಅವತ್ತು ಮಾತ್ರ ಎಫ್‌ಐಆರ್‌ಗೆ ಲಿಮಿಟ್ಸ್ ಅಡ್ಡ ಬರಲಿಲ್ಲ, ಬಿಳಿ ಹಾಳೆಯೂ ಠಾಣೆಯಲ್ಲೇ ಸಿಕ್ಕಿರಬೇಕು.

ಇಷ್ಟೆಲ್ಲ ಬೈದವನು ಇದನ್ನೂ ಹೇಳಲೇಬೇಕು. ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿಯ ಹತ್ತಿರ 2024ರ ಜೂನ್ 9ರಂದು ಮೋರಿಯಲ್ಲಿ ಒಂದು ಶವ ಸಿಕ್ಕಿತು. ಕೆಲವರು ಕಾಮಾಕ್ಷಿಪಾಳ್ಯ ಠಾಣೆಗೆ ತಾವಾಗಿ ಬಂದು, ದುಡ್ಡಿನ ವಿಷಯಕ್ಕೆ ನಾವೇ ಕೊಂದೆವು ಎಂದರು. ಕರ್ತೃಪದವನ್ನು ಕೈಯಲ್ಲೇ ಹಿಡಿದುಕೊಂಡು ಬಂದವರು! ಒಪ್ಪಿಕೊಂಡಿದ್ದರೆ ಅರ್ಧ ಗಂಟೆಯಲ್ಲಿ ಫೈಲು ಮುಚ್ಚುತ್ತಿತ್ತು. ಅಲ್ಲಿನ ಪೊಲೀಸರಿಗೆ ಆ ವಾಕ್ಯ ಸರಿಯಿಲ್ಲ ಅನ್ನಿಸಿತು. ಬಿಡಿಸಿ ಬಿಡಿಸಿ ಕೇಳಿದರು. ಶವ ಸಿಕ್ಕ ಎರಡೇ ದಿನದಲ್ಲಿ ಆ ಕೊಲೆಯ ಆರೋಪದ ಮೇಲೆ ನಟ ದರ್ಶನ್ ಬಂಧನವಾಯಿತು. ತೀರ್ಪು ಕೋರ್ಟಿನದು, ಅದು ಬರಲಿ. ಆದರೆ ಮನಸ್ಸು ಮಾಡಿದರೆ ಇದೇ ಇಲಾಖೆಗೆ ವ್ಯಾಕರಣ ಚೆನ್ನಾಗಿಯೇ ಬರುತ್ತದೆ ಎಂದು ನಾನು ಅವತ್ತು ಪೂರ್ತಿ ಭಲೇ ಎಂದೆ.

ಸಂತೋಷ ಪಡುವಷ್ಟರಲ್ಲಿ ಶಾಮಿಯಾನ ಬಂತು. ಆರೋಪಿಗಳನ್ನು ಇಟ್ಟಿದ್ದ ಅನ್ನಪೂರ್ಣೇಶ್ವರಿ ನಗರ ಠಾಣೆಯ ಸುತ್ತ ಪರದೆ ಕಟ್ಟಿದರು, ಸುತ್ತಮುತ್ತ 144 ಹಾಕಿದರು. ನಮ್ಮ ಕಡೆ ಶಾಮಿಯಾನ ಕಟ್ಟುವುದು ಎರಡಕ್ಕೆ, ಮದುವೆಗೆ ಮತ್ತು ಸಾವಿಗೆ. ಆ ದಾರಿಯಲ್ಲಿ ಹೋದ ಅಜ್ಜಿಯೊಬ್ಬರು "ಯಾರ್ದಪ್ಪಾ ಮದ್ವೆ, ಊಟ ಶುರುವಾಯ್ತಾ?" ಎಂದು ಕೇಳಿದರೆ ತಪ್ಪೇನು? ಠಾಣೆಯ ಪ್ರತಿ ಮೂಲೆಯಲ್ಲೂ ಕ್ಯಾಮೆರಾ ಇರಬೇಕು, ಧ್ವನಿಯೂ ದಾಖಲಾಗಬೇಕು, 18 ತಿಂಗಳು ಉಳಿಸಬೇಕು ಎಂದು 2020ರ ಡಿಸೆಂಬರ್ 2ರಂದು ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಒಳಗಿರುವುದು ಕಾಣಲಿ ಎಂದು. ಶಾಮಿಯಾನ ಕಟ್ಟಿದ್ದು ಕಾಣದಿರಲಿ ಎಂದು.

ಒಳಗೆ ನೋಡಲು ನಾವು ಹೋಗುವ ಹಾಗಿಲ್ಲ, ಅವರೇ ನಮ್ಮ ಒಳಗೆ ಬರುತ್ತಾರೆ. 2025ರ ಜುಲೈಯಲ್ಲಿ "ಮನೆ ಮನೆಗೆ ಪೊಲೀಸ್" ಶುರುವಾಯಿತು. ಉದ್ದೇಶ ಒಳ್ಳೆಯದೇ. ಆದರೆ ಹತ್ತು ಮನೆಗೆ ಒಂದು ನಲ್ಲಿ ಇರುವ ವಠಾರದ ಮುಂದೆ ಖಾಕಿ ನಿಂತರೆ ಏನಾಗುತ್ತದೆ? ಓನರ್ ಮಹಡಿಯಿಂದ ಬಗ್ಗಿ, "ಕೆಳಗಡೆ ಬಾಡಿಗೆಯವರು ಏನ್ ಮಾಡಿದ್ರಂತೆ?" ಎನ್ನುತ್ತಾರೆ. ಬಂದವರು ನಗುತ್ತಾ "ನಿಮಗೇನಾದರೂ ತೊಂದರೆ ಇದೆಯಾ?" ಎಂದು ಕೇಳಿದರೆ, ಇದೆ ಎಂದು ಹೇಳುವ ಎದೆ ಯಾರಿಗಿದೆ? "ಏನಿಲ್ಲ ಸಾರ್, ಎಲ್ಲ ಚೆನ್ನಾಗಿದೆ" ಎಂದು ಇಡೀ ವಠಾರ ಒಕ್ಕೊರಲಿನಿಂದ ಹೇಳುತ್ತದೆ. ಸರ್ವೆ ಮುಗಿಯಿತು. ಜನ ಸುಖವಾಗಿದ್ದಾರೆ.

ನಮ್ಮೂರಿನ ಹೆಸರನ್ನು ಹೊರಗಿನವರು ಹೆಗ್ಗಣಹಳ್ಳಿ ಎಂದು ಬರೆದುಬಿಡುತ್ತಾರೆ. ಕೋಪ ಬರುತ್ತದೆ, ಆದರೆ ಈ ಲೇಖನದ ಮಟ್ಟಿಗೆ ಕ್ಷಮಿಸಿದ್ದೇನೆ. ಪೊಲೀಸರ ತಪ್ಪನ್ನು ಪೊಲೀಸರೇ ವಿಚಾರಿಸುವ ಇಲಾಖಾ ವಿಚಾರಣೆಗೆ ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದಕ್ಕಿಂತ ಒಳ್ಳೆಯ ಹೆಸರು ಸಿಗಲಾರದು. ಲಂಡನ್ನಿನ ಪೊಲೀಸರೇನೂ ಸಾಚಾ ಅಲ್ಲ. ಅವರದೇ ಅಧಿಕಾರಿಯೊಬ್ಬ ಹೆಣ್ಣುಮಗಳನ್ನು ಅಪಹರಿಸಿ ಕೊಂದ ಮೇಲೆ, ಲೂಯಿಸ್ ಕೇಸಿ ಎಂಬ ಹೊರಗಿನವರನ್ನು ಕರೆಸಿ ನಮ್ಮ ಮನೆ ನೋಡಿ ಎಂದರು. 2023ರ ಮಾರ್ಚಿನಲ್ಲಿ ಆಕೆ 363 ಪುಟ ಬರೆದು, ಈ ಪಡೆ ಸಂಸ್ಥೆಯಾಗಿಯೇ ಜನಾಂಗದ್ವೇಷಿ, ಸ್ತ್ರೀದ್ವೇಷಿ ಎಂದು ಮುಖಕ್ಕೆ ಹೇಳಿದರು. ತಮ್ಮ ತಟ್ಟೆಯ ಹೆಗ್ಗಣವನ್ನು ತಾವೇ ಅಳತೆ ಹಾಕಿಸಿ ಅಚ್ಚು ಹಾಕಿಸಿದರು. ನಾವು? ಬಿಹಾರ ನೋಡಿ, ಉತ್ತರ ಪ್ರದೇಶ ನೋಡಿ, ಅವರಿಗಿಂತ ನಾವು ವಾಸಿ ಎಂದು ಪಕ್ಕದ ತಟ್ಟೆಯ ನೊಣ ಎಣಿಸುತ್ತೇವೆ.

ನನ್ನ ಮೊಬೈಲಿನ ಕಥೆ ಎಲ್ಲಿಗೆ ಬಂತು ಎಂದಿರಾ? ಎರಡು ದಿನ ಅಲೆದೆ. ಮೂರನೆಯ ದಿನ ಲೇತ್ ಶಾಪಿನ ಓನರ್ ಸುಮ್ಮನಿರಲಾರದೆ ತಮ್ಮ ಷಡ್ಡಕನಿಗೆ ಫೋನ್ ಮಾಡಿದರು. ಷಡ್ಡಕ ಯಾವುದೋ ಸಂಘದ ಉಪಾಧ್ಯಕ್ಷರಿಗೆ ಮಾಡಿದರು. ಉಪಾಧ್ಯಕ್ಷರು ಯಾರಿಗೆ ಮಾಡಿದರೋ ನನಗೆ ಹೇಳಲಿಲ್ಲ. ಠಾಣೆಗೆ ಹೋದರೆ ಅದೇ ರೈಟರ್ ಎದ್ದು ಕುರ್ಚಿ ಎಳೆದು, "ಮೊದಲೇ ಹೇಳ್ಬಾರ್ದಾ ಸಾರ್, ಅವ್ರ ಕಡೆಯವ್ರು ಅಂತ?" ಎಂದು ಟೀ ತರಿಸಿದರು. ಟೀ ನಮ್ಮ ಬೇಕರಿಯದೇ, ರುಚಿಯಿಂದ ಗೊತ್ತಾಯಿತು. ಹದಿನೈದು ನಿಮಿಷದಲ್ಲಿ ಎಫ್‌ಐಆರ್ ಆಯಿತು. ಲಿಮಿಟ್ಸ್ ರಾತ್ರೋರಾತ್ರಿ ಮೆಡಿಕಲ್ ಸ್ಟೋರಿನವರೆಗೂ ಬೆಳೆದಿತ್ತು. ಕರ್ತೃಪದದ ಜಾಗದಲ್ಲಿ "ಇಬ್ಬರು ಅಪರಿಚಿತ ವ್ಯಕ್ತಿಗಳು" ಎಂದು ಅವರೇ ಅಂದವಾಗಿ ಬರೆದರು. ಪರಿಚಿತರ ಮೂಲಕ ಹೋಗದಿದ್ದರೆ ಅಪರಿಚಿತರ ಮೇಲೆ ಕೇಸು ಹಾಕುವಂತಿಲ್ಲ.

ಮೊಬೈಲ್ ಇನ್ನೂ ಸಿಕ್ಕಿಲ್ಲ. ಬೇಕರಿಯವನು ಈಗ ನನಗೂ ಟೀ ದುಡ್ಡು ಬೇಡ ಎನ್ನುತ್ತಾನೆ. ಸ್ಟೇಷನ್ನಿನಲ್ಲಿ ನನಗೆ ಜನ ಗೊತ್ತಂತೆ.

ನಿಮಗೂ ಠಾಣೆಗೆ ಹೋಗುವ ಪ್ರಸಂಗ ಬಂದರೆ ಒಂದು ನೆನಪಿಡಿ. ಎಫ್‌ಐಆರ್‌ನ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆಯಾಗಿ, ಕೂಡಲೇ ಕೊಡಬೇಕು ಎಂದು ಅದೇ 173ನೇ ಸೆಕ್ಷನ್ನಿನ ಎರಡನೇ ಉಪಸೆಕ್ಷನ್ ಹೇಳುತ್ತದೆ. ಕೇಳಿ ಇಸಿದುಕೊಳ್ಳಿ. ಬಿಳಿ ಹಾಳೆ ಮಾತ್ರ ಮನೆಯಿಂದಲೇ ತೆಗೆದುಕೊಂಡು ಹೋಗಿ. ಎರಡು ಇರಲಿ, ಮೊದಲನೆಯದನ್ನು ಹೇಗೂ ತಿದ್ದಿಸುತ್ತಾರೆ.